ವ್ಯಾಪಾರ ಮುಳುಗಿದಾಗ ಮನೆಯ ಕಿರ್ದಿ

ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿದವರಿಗೆ ಲಾಭ-ಲುಕ್ಸಾನು ಹೊಸ ಮಾತಲ್ಲ. ಹೋಟಗಿ, ಅಕ್ಕಲಕೋಟೆ, ಸೊಲ್ಲಾಪುರ ಕಡೆಯ ನಮ್ಮ ಕುಟುಂಬಗಳು ಜೋಳ-ತೊಗರಿಯ ಅಡತಿ, ಕಿರಾಣಿ, ಬಟ್ಟೆ ವ್ಯಾಪಾರ ನಂಬಿಕೊಂಡು ಬಂದವು. ಮಳೆ ಕೈಕೊಟ್ಟ ವರ್ಷ ರೈತರ ಬಾಕಿ ಬರುವುದಿಲ್ಲ. ಸೊಲ್ಲಾಪುರದ ದೊಡ್ಡ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಕಾರ್ಮಿಕರಿಗೆ ಉದ್ರಿ ಕೊಟ್ಟ ಅಂಗಡಿಗಳಿಗೂ ಪೆಟ್ಟು ಬಿತ್ತು. ಹೀಗೆ ಒಳ್ಳೆಯ ಮನೆತನದವರಿಗೂ ಅಂಗಡಿಗೆ ಬೀಗ ಹಾಕುವ ಪ್ರಸಂಗ ಬರುತ್ತದೆ. ಆಗ ಮಗ ಹೆಂಡತಿ-ಮಕ್ಕಳೊಂದಿಗೆ ಹಿರಿಯರ ಮನೆಗೆ ಬಂದು ಸೇರುತ್ತಾನೆ.

ಸಾಲದ ವಿಷಯವನ್ನು ವಕೀಲರು ನೋಡಿಕೊಳ್ಳುತ್ತಾರೆ. ಆದರೆ ಬೀಗ ಹಾಕಿದ ಮರುದಿನವೂ ಮನೆಯಲ್ಲಿ ಒಲೆ ಹೊತ್ತಬೇಕು, ಮಕ್ಕಳು ಶಾಲೆಗೆ ಹೋಗಬೇಕು, ಅಪ್ಪನ ಔಷಧ ತರಬೇಕು. ಆ ಲೆಕ್ಕವನ್ನು ಯಾರು, ಹೇಗೆ ಇಡಬೇಕು? ಅಂಗಡಿಯ ಲೆಕ್ಕವನ್ನು ಪೈಸೆ ಪೈಸೆಗೆ ಬರೆದ ನಾವು ಮನೆಯ ಲೆಕ್ಕವನ್ನು ಮಾತ್ರ ಬಾಯಿಮಾತಿಗೆ ಬಿಟ್ಟಿರುತ್ತೇವೆ. ಕಷ್ಟಕಾಲದಲ್ಲಿ ಮೊದಲು ಸರಿಪಡಿಸಬೇಕಾದದ್ದು ಇದನ್ನೇ.

ಕಾಯ್ದೆ ಏನು ಹೇಳುತ್ತದೆ?

ಮುಂಬಯಿಯಂಥ ಮಹಾನಗರಗಳಿಗೆ 1909ರ ಕಾಯ್ದೆ ಇದ್ದರೆ, ಸೊಲ್ಲಾಪುರ ಜಿಲ್ಲೆಯ ಸಾಮಾನ್ಯ ವ್ಯಾಪಾರಿಗೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಅನ್ವಯಿಸುತ್ತದೆ. ಅರ್ಜಿ ಕೊಡಬೇಕಾದದ್ದು ಜಿಲ್ಲಾ ನ್ಯಾಯಾಲಯಕ್ಕೆ. 2016ರ ಹೊಸ ದಿವಾಳಿ ಸಂಹಿತೆ ವ್ಯಕ್ತಿಗಳ ಮಟ್ಟಿಗೆ ಜಾರಿಯಾಗಿರುವುದು ಕಂಪನಿಗಳ ಸಾಲಕ್ಕೆ ಸ್ವಂತ ಜಾಮೀನು ಬರೆದುಕೊಟ್ಟವರಿಗೆ ಮಾತ್ರ; ಅದೂ 2019ರ ಡಿಸೆಂಬರ್ 1ರಿಂದ.

ನ್ಯಾಯಾಲಯ ಒಬ್ಬನನ್ನು ದಿವಾಳಿ ಎಂದು ಘೋಷಿಸಿದರೆ ಅವನ ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರರ ವಶಕ್ಕೆ ಹೋಗುತ್ತದೆ. ಆದರೆ ಕಾಯ್ದೆ ಅವನನ್ನು ಬೀದಿಗೆ ನೂಕುವುದಿಲ್ಲ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ ಮತ್ತು ಧರ್ಮಾಚಾರದಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಆಭರಣ ಜಪ್ತಿಗೆ ಒಳಪಡುವುದಿಲ್ಲ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಭಾಗಕ್ಕೆ ರಕ್ಷಣೆ ಇದೆ. ದಿವಾಳಿಯಾದವನ ಮತ್ತು ಅವನ ಕುಟುಂಬದ ಜೀವನಕ್ಕೆಂದು ಅವನ ಆಸ್ತಿಯಿಂದಲೇ ನ್ಯಾಯವೆನಿಸಿದಷ್ಟು ಹಣ ಕೊಡಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಅದನ್ನು ಕೇಳುವಾಗ ತಿಂಗಳ ಖರ್ಚನ್ನು ಬರೆದ ಪಟ್ಟಿ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಮುಟ್ಟಬಾರದ ಎರಡು ಗಂಟು

ಮೊದಲನೆಯದು ತಂದೆ-ತಾಯಿಯ ಮುಪ್ಪಿನ ಗಂಟು. ಮಗ ಒಬ್ಬನೇ ಮಾಡಿದ ಸಾಲಕ್ಕೆ ತಂದೆಯ ಸ್ವಂತ ಗಳಿಕೆಯ ಮನೆ, ಠೇವಣಿ ಹೊಣೆಯಲ್ಲ. ಆದರೆ ತಂದೆ ಜಾಮೀನು ಬರೆದಿದ್ದರೆ, ಅಂಗಡಿಯಲ್ಲಿ ಪಾಲುದಾರರಾಗಿದ್ದರೆ, ಅಥವಾ ಅದು ಅವಿಭಕ್ತ ಕುಟುಂಬದ ವ್ಯಾಪಾರವಾಗಿದ್ದರೆ ಮಾತು ಬೇರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನ ಪಾಲಿದ್ದರೆ ಆ ಪಾಲಿಗೂ ಕೈ ಬೀಳುತ್ತದೆ. ಮೊದಲ ವಾರದಲ್ಲೇ ವಕೀಲರೆದುರು ಕುಳಿತು ಇದನ್ನು ಬಿಡಿಸಿಕೊಳ್ಳಿರಿ.

ಎಷ್ಟೋ ತಂದೆಯರು ಮಗನ ಮುಖ ನೋಡಲಾರದೆ, "ಈ ಮನೆ ನಿನ್ನ ಹೆಸರಿಗೇ ಮಾಡಿಬಿಡುತ್ತೇನೆ, ತಗೋ" ಎಂದುಬಿಡುತ್ತಾರೆ. ಇದು ವಾತ್ಸಲ್ಯದ ಮಾತು ನಿಜ, ಆದರೆ ಹಾನಿಯ ಮಾತು. ದಿವಾಳಿ ಘೋಷಣೆಯಾದ ಮೇಲೆ, ವಿಮೋಚನೆ ಆಗುವವರೆಗೆ ಮಗನಿಗೆ ಬರುವ ಆಸ್ತಿಯೂ ರಿಸೀವರರ ಕೈಸೇರುತ್ತದೆ. ಮನೆ ಮಗನಿಗೂ ಉಳಿಯದು, ಮುದುಕರಿಗೂ ಉಳಿಯದು. ತಂದೆಯ ಹೆಸರಿನಲ್ಲೇ ಇದ್ದರೆ ಎಲ್ಲರ ತಲೆಯ ಮೇಲೂ ಸೂರು ಇರುತ್ತದೆ.

ಎರಡನೆಯದು ಸೊಸೆಯ ಸ್ತ್ರೀಧನ. ಮದುವೆಯಲ್ಲಿ ಅವಳಿಗೆ ಬಂದ ಒಡವೆ ಅವಳದೇ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿತು. ಕಷ್ಟದಲ್ಲಿ ಗಂಡ ಅದನ್ನು ಬಳಸಿದರೂ ಹಿಂತಿರುಗಿಸುವ ಹೊಣೆ ಅವನದೆಂದು 2024ರಲ್ಲಿ ಮತ್ತೆ ಹೇಳಿತು. ಆದ್ದರಿಂದ ಮನೆಖರ್ಚಿಗೆಂದು ಬಳೆ ಮಾರುವುದು ಕೊನೆಯ ದಾರಿ, ಅದೂ ಅವಳ ಒಪ್ಪಿಗೆಯಿಂದ, ಲೆಕ್ಕದಲ್ಲಿ ಅವಳ ಹೆಸರಿಗೆ ಜಮಾ ಬರೆದು. ಹಾಗೆಂದು ಅಂಗಡಿಯ ಆಸ್ತಿಯನ್ನು ಈಗ ಅವಳ ಹೆಸರಿಗೆ ದಾಟಿಸುವ ಆಸೆ ಬೇಡ. ಹಿಂದಿನ ಎರಡು ವರ್ಷಗಳ ಅಂಥ ವರ್ಗಾವಣೆಗಳನ್ನು ನ್ಯಾಯಾಲಯ ರದ್ದುಮಾಡಬಲ್ಲದು.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರಗಳನ್ನು ಎಣಿಸಿದೆ. ಸುಳ್ಳು ಬರಹ, ನಂಬಿ ಇಟ್ಟದ್ದರ ಅಪಹಾರ ಎಂದು ಅವುಗಳ ಅರ್ಥ. ಕಾಯ್ದೆಯೂ ಧರ್ಮವೂ ಇಲ್ಲಿ ಒಂದೇ ಮಾತು ಹೇಳುತ್ತವೆ.

ಒಂದು ಮಾದರಿ ಲೆಕ್ಕ

ಹೋಟಗಿಯಲ್ಲಿ ಒಂದು ಮನೆ ಎಂದು ಕಲ್ಪಿಸಿಕೊಳ್ಳೋಣ. ತಂದೆ-ತಾಯಿ, ಮಗ-ಸೊಸೆ, ಇಬ್ಬರು ಮಕ್ಕಳು. ಒಟ್ಟು ಆರು ಜನ. ಮಗ ಸೊಲ್ಲಾಪುರದ ಪೇಟೆಯಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದು 18,000 ರೂಪಾಯಿ ತರುತ್ತಾನೆ. ಸೊಸೆ ಹೊಲಿಗೆಯಿಂದ 5,000 ಗಳಿಸುತ್ತಾಳೆ. ತಂದೆಗೆ ಠೇವಣಿಯ ಬಡ್ಡಿ ಮತ್ತು ಒಂದು ಕೋಣೆಯ ಬಾಡಿಗೆ ಸೇರಿ 9,000 ಬರುತ್ತದೆ.

ಖರ್ಚು ಹೀಗೆ: ಜೋಳ, ಗೋಧಿ, ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆಗೆ 8,000. ಹಾಲು, ಕಾಯಿಪಲ್ಲೆಗೆ 4,500. ಗ್ಯಾಸು, ವಿದ್ಯುತ್ತು, ನೀರು, ಫೋನಿಗೆ 3,000. ಈ ಮೂರೂ ಆರು ಜನಕ್ಕೆ ಸೇರಿದವು, ಮೊತ್ತ 15,500. ಇದರ ಹೊರತು ಮಕ್ಕಳ ಶಾಲೆಗೆ 3,000, ಹಿರಿಯರ ಔಷಧಕ್ಕೆ 2,500, ಮಗ ಕೆಲಸಕ್ಕೆ ಹೋಗಿಬರಲು 1,500, ಅವನ ಸಂಸಾರದ ಬಟ್ಟೆಬರೆ, ಹಬ್ಬಕ್ಕೆ 1,000. ಒಟ್ಟು 23,500.

ಆರು ಜನರಲ್ಲಿ ಹಿರಿಯರು ಇಬ್ಬರು. ಕೂಡು ಖರ್ಚಿನ ಮೂರರಲ್ಲಿ ಒಂದು ಪಾಲು 5,167 ರೂಪಾಯಿ, ಜೊತೆಗೆ ಔಷಧ. ಹೀಗೆ ಅವರ ಭಾಗ 7,667. ಉಳಿದ 1,333 ಅವರ ಖಾತೆಯಲ್ಲೇ ಇರಲಿ. ಮಗನ ಸಂಸಾರದ ಭಾಗ 15,833. ಗಂಡ-ಹೆಂಡತಿಯ 23,000ದಲ್ಲಿ ಅದನ್ನು ಕಳೆದರೆ 7,167 ಉಳಿಯುತ್ತದೆ. ಸಂಬಳದಲ್ಲಿ ಸಾಲ ಕೊಟ್ಟವರಿಗೆ ಹೋಗಬಹುದಾದ ಪಾಲು, ಮೇಲೆ ಹೇಳಿದ ಲೆಕ್ಕದಂತೆ, ಸುಮಾರು 5,667. ಅದನ್ನು ಬದಿಗಿಟ್ಟರೆ ಕೈಯಲ್ಲಿ 1,500 ಮಿಕ್ಕಿತು. ಅದು ಆಪತ್ತಿಗೆ.

ಇಲ್ಲಿ ಮನೆ ಬಾಡಿಗೆ ಎಂಬ ಸಾಲೇ ಇಲ್ಲ ಎಂಬುದನ್ನು ಗಮನಿಸಿರಿ. ಹಿರಿಯರು ಮಗನಿಗೆ ಕೊಡುತ್ತಿರುವ ಸಹಾಯ ಅದೇ. ಅದರ ಮೇಲೆ ಅವರ ಬಡ್ಡಿ ಹಣವನ್ನೂ ಮಗನ ಸಂಸಾರ ಉಣ್ಣಬಾರದು. ಮಗ ತನ್ನ ಭಾಗವನ್ನು ತಿಂಗಳ ಮೊದಲ ವಾರದಲ್ಲಿ ತಾಯಿಯ ಕೈಗೆ ಕೊಟ್ಟು ಕಿರ್ದಿಯಲ್ಲಿ ಬರೆಯಲಿ. ಮೊತ್ತ ಸಣ್ಣದಾದರೂ ಕೊಡುವ ಕೈ ಕೊಡುತ್ತಿದ್ದರೆ ಮಗನ ತಲೆ ತಗ್ಗುವುದಿಲ್ಲ. ಸೊಸೆಗೂ ಅಡಿಗೆಮನೆಯಲ್ಲಿ ಹಂಗಿನ ಅನ್ನ ಎನಿಸುವುದಿಲ್ಲ.

ಎಚ್ಚರಿಕೆಯ ಕೆಲವು ಮಾತು

ಉದ್ರಿ ಬೇಡ, ನಗದೇ ಇರಲಿ. ವಿಮೋಚನೆಯಾಗದ ದಿವಾಳಿದಾರ ತನ್ನ ಸ್ಥಿತಿಯನ್ನು ತಿಳಿಸದೆ 50 ರೂಪಾಯಿ ಅಥವಾ ಹೆಚ್ಚಿನ ಸಾಲ ಪಡೆದರೂ 1920ರ ಕಾಯ್ದೆಯಂತೆ ಅಪರಾಧ. ಕಿರಾಣಿ ಅಂಗಡಿಯ ಉದ್ರಿಯೂ ಸಾಲವೇ.

ಮನೆಖರ್ಚಿಗೆ ಕೈಸಾಲ ಮಾಡಬೇಡಿರಿ. ಮಹಾರಾಷ್ಟ್ರದಲ್ಲಿ 2014ರ ಸಾವಕಾರಿ ಕಾಯ್ದೆಯಂತೆ ಬಡ್ಡಿ ವ್ಯವಹಾರಕ್ಕೆ ಪರವಾನಿಗೆ ಬೇಕು. ಪರವಾನಿಗೆ ಇಲ್ಲದವನ ಬಾಗಿಲಿಗೆ ಹೋಗುವುದು ಹಳೆಯ ಗುಂಡಿಯಿಂದ ಎದ್ದು ಹೊಸ ಗುಂಡಿಗೆ ಬೀಳುವುದು.

ನೆಂಟರ ಸಾಲವನ್ನು ಗುಟ್ಟಾಗಿ ಮೊದಲು ತೀರಿಸಬೇಡಿರಿ. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ ಒಬ್ಬರಿಗೆ ಮಾತ್ರ ಅನುಕೂಲವಾಗಲೆಂದು ಕೊಟ್ಟದ್ದು ರದ್ದಾಗಬಹುದು. ಮಾವನಿಗೆ, ಭಾವನಿಗೆ ಕೊಟ್ಟ ಹಣ ಹಿಂದೆ ಕೇಳಬೇಕಾದೀತು.

ಹಿರಿಯರ ಠೇವಣಿಯನ್ನು ಒಂದೇ ಬ್ಯಾಂಕಿನಲ್ಲಿ ಗುಡ್ಡೆ ಹಾಕಬೇಡಿರಿ. ಸೊಲ್ಲಾಪುರದ ಲಕ್ಷ್ಮೀ ಸಹಕಾರಿ ಬ್ಯಾಂಕಿನ ಪರವಾನಿಗೆಯನ್ನು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ರದ್ದುಮಾಡಿದ್ದನ್ನು ಮರೆಯಬಾರದು. ಠೇವಣಿ ವಿಮೆಯ ರಕ್ಷಣೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ.

ಆಸ್ಪತ್ರೆಯ ಖರ್ಚು ಒಂದೇ ದಿನದಲ್ಲಿ ಇಡೀ ಲೆಕ್ಕವನ್ನು ಕೆಡಿಸುತ್ತದೆ. 70 ವರ್ಷ ತುಂಬಿದವರಿಗೆ, ಆದಾಯ ಎಷ್ಟೇ ಇರಲಿ, 2024ರ ಅಕ್ಟೋಬರಿನಿಂದ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಇದೆ. ಅಪ್ಪ-ಅವ್ವನ ಕಾರ್ಡು ಮಾಡಿಸಿಡಿರಿ.

ಬಸದಿಯ ಬೋಲಿಯಲ್ಲಿ ಹಿಂದಿನಂತೆ ಕೂಗಬೇಕೆಂಬ ಹಟ ಬೇಡ. ಅಭಿಷೇಕ, ಸ್ವಾಧ್ಯಾಯ, ಉಪವಾಸಗಳಿಗೆ ಹಣ ಬೇಡ. ಕೊಡಬೇಕಾದ ಸಾಲ ಇಟ್ಟುಕೊಂಡು ಕೂಗಿದ ಬೋಲಿ ಇನ್ನೊಬ್ಬರ ಹಣದ ದಾನವಾಗುತ್ತದೆ. ಸಮಾಜದ ಹಿರಿಯರೂ ಅಂಥವರನ್ನು ಹೆಸರು ಹಿಡಿದು ಕೂಗಿ ಸಂಕಟಕ್ಕೆ ಗುರಿಮಾಡಬಾರದು.

ಕಿರ್ದಿ ಉಳಿಸುವ ಮಾನ

ಮನೆಯ ಎಲ್ಲರೂ ತಿಂಗಳಿಗೊಮ್ಮೆ ಕಿರ್ದಿಯ ಮುಂದೆ ಕೂಡಿರಿ. ಮಕ್ಕಳನ್ನೂ ಕೂಡಿಸಿಕೊಳ್ಳಿರಿ, ಏಕೆ ಈ ವರ್ಷ ಹೊಸ ಬಟ್ಟೆ ಇಲ್ಲ ಎಂಬುದು ಅವರಿಗೂ ತಿಳಿಯಲಿ. ಪರಿಗ್ರಹ ಪರಿಮಾಣವನ್ನು ಇದ್ದಾಗ ವ್ರತವೆಂದು ಹಿಡಿಯುತ್ತೇವೆ. ಇಲ್ಲದಾಗ ಅದೇ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ.

ದಿವಾಳಿ ಶಾಶ್ವತವಲ್ಲ. ನ್ಯಾಯಾಲಯ ಗೊತ್ತುಮಾಡಿದ ಅವಧಿಯಲ್ಲಿ ವಿಮೋಚನೆಗೆ ಅರ್ಜಿ ಹಾಕಬೇಕು, ಅವಧಿ ಮೀರಿಸಬಾರದು. ಆಗ ನ್ಯಾಯಾಲಯ ನೋಡುವ ಸಂಗತಿಗಳಲ್ಲಿ ಎರಡು ಇವು: ಹಿಂದಿನ ಮೂರು ವರ್ಷ ವ್ಯಾಪಾರದ ಲೆಕ್ಕಪುಸ್ತಕಗಳನ್ನು ಸರಿಯಾಗಿ ಇಟ್ಟಿದ್ದನೇ, ಸಟ್ಟಾ-ಜೂಜು ಅಥವಾ ದುಂದುಗಾರಿಕೆಯಿಂದ ಈ ಸ್ಥಿತಿ ತಂದುಕೊಂಡನೇ? ಪುಸ್ತಕ ನೆಟ್ಟಗಿದ್ದವನಿಗೆ ಉತ್ತರ ಕೊಡುವುದು ಸುಲಭ. ಅಂಗಡಿ ಹೋದರೆ ಮತ್ತೆ ಕಟ್ಟಬಹುದು. ಅಪ್ಪ-ಅವ್ವನ ಮುಪ್ಪಿನ ನೆಮ್ಮದಿ, ಸೊಸೆಯ ವಿಶ್ವಾಸ, ಪೇಟೆಯಲ್ಲಿ ಮಾತಿನ ಬೆಲೆ, ಈ ಮೂರು ಬಂಡವಾಳ ಉಳಿದಿದ್ದರೆ ಮುಂದಿನ ಗದ್ದುಗೆಗೆ ಅಷ್ಟೇ ಸಾಕು.