ಕೊಕ್ಕೆಯ ಕತ್ತಿಗೆ ಬೆಳ್ಳಿಯ ಒರೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟಗಳಲ್ಲಿ ಸೊಂಟದ ಹಿಂದೆ ಕೊಕ್ಕೆ ಕಟ್ಟಿ, ಅದಕ್ಕೆ ಕತ್ತಿ ಸಿಕ್ಕಿಸಿಕೊಂಡು ಓಡಾಡುವುದು ಇಂದಿಗೂ ರೂಢಿ. ಎರಡೂ ಕೈ ಬಿಡುವಾಗಿರುತ್ತವೆ. ಬೇಕೆಂದಾಗ ಬೆನ್ನ ಹಿಂದೆ ಕೈ ಹಾಕಿದರೆ ಹಿಡಿ ಸಿಗುತ್ತದೆ. ಕೊಡಗಿನ ಒಡಿಕತ್ತಿಯೂ ಹೀಗೆಯೇ ಬೆನ್ನ ಹಿಂದಿನ ತೊಡಂಗಿನಲ್ಲಿ ಕೂರುತ್ತದೆ. ಅಗಲವಾದ ಅಲಗು, ಮುಂದಕ್ಕೆ ಬಾಗಿದ ಬಾಯಿ. ಕಾಡು ಸವರುವ ಕತ್ತಿಯೇ ಯುದ್ಧಕ್ಕೆ ಹೋಗಿ, ಯುದ್ಧ ಮುಗಿದ ಮೇಲೆ ಮದುವೆ ಮನೆಗೆ ಬಂದಿತು ಎಂದೇ ನನ್ನ ತಿಳಿವಳಿಕೆ. ಕೊಡವರ ಮದುವೆಯಲ್ಲಿ ಬಾಳೆ ಕಡಿಯುವುದು ಅದೇ ಒಡಿಕತ್ತಿಯಿಂದ.

ಎರಡೂ ಸೀಮೆಗೆ ಅರಸುಮನೆತನದ ನಂಟೂ ಉಂಟು. 1834ರವರೆಗೆ ಕೊಡಗನ್ನು ಆಳಿದ ಹಾಲೇರಿ ವಂಶದವರು ನಮ್ಮ ಸಾಗರ ಸೀಮೆಯ ಇಕ್ಕೇರಿಯ, ಅಂದರೆ ಕೆಳದಿಯ, ಮನೆತನದ ಕವಲು ಎನ್ನುತ್ತಾರೆ. ಕೊಡಗಿನಲ್ಲಿ ಒಡಿಕತ್ತಿ ಬೆನ್ನಿಗಾದರೆ, ಪೀಚೆಕತ್ತಿ ಎಂಬ ಕಠಾರಿ ಹೊಟ್ಟೆಯ ಮೇಲೆ, ಕೆಂಪು ರೇಷ್ಮೆಯ ನಡುಪಟ್ಟಿ ಚೇಲೆಯೊಳಗೆ. ಕುಸುರಿಯೆಲ್ಲ ಇದರದೇ. ಗಿಳಿಯ ತಲೆಯಂತೆ ತಿರುಗಿದ ಹಿಡಿ, ಮರದ ಒರೆಗೆ ಸುತ್ತಿದ ಬೆಳ್ಳಿಯ ತಗಡು, ಒರೆಯಿಂದ ಇಳಿಬಿದ್ದ ಸರಪಳಿ, ಅದರ ತುದಿಯಲ್ಲಿ ಚಿಮಟ, ಉಗುರು ಶುಚಿ ಮಾಡುವ ಕಡ್ಡಿ. ಅಲಗು ಕಮ್ಮಾರನದು, ಬೆಳ್ಳಿ ಅಕ್ಕಸಾಲಿಗನದು. ಒಂದು ಕತ್ತಿಯ ಮೇಲೆ ಇಬ್ಬರ ಬದುಕು ಬೆರೆತಿದೆ.

ನಮ್ಮ ನಾಡಿನ ಖಡ್ಗಗಳ ಹಿಡಿಯೊಳಗೆ ಸಾಮಾನ್ಯವಾಗಿ ಅರಗು ತುಂಬಿ ಅಲಗಿನ ಬಾಲವನ್ನು ಕೂರಿಸಿರುತ್ತಾರೆ. ಬಿಸಿ ಮಾಡಿದರೆ ಅರಗು ಸಡಿಲವಾಗಿ ಅಲಗು ಕಳಚುತ್ತದೆ. ಹೀಗಾಗಿ ಅಜ್ಜನ ಅಲಗಿಗೆ ಮೊಮ್ಮಗ ಹೊಸ ಹಿಡಿ ಹಾಕಿಸಬಹುದಿತ್ತು. ಪಶ್ಚಿಮ ಕರಾವಳಿಯ ಬಂದರುಗಳಿಗೆ ಬಂದಿಳಿದ ಯುರೋಪಿನ ಅಲಗುಗಳೂ ದೇಶಿ ಹಿಡಿ ತೊಟ್ಟು 'ಫಿರಂಗಿ' ಎನಿಸಿಕೊಂಡವು.

ಅಲಗು, ಹಿಡಿಗಳನ್ನು ಹೀಗೆ ಬಿಡಿಸಿ ಜೋಡಿಸುವ ಪದ್ಧತಿ ಜಪಾನಿನಲ್ಲಿ ಇನ್ನೂ ನಾಜೂಕು. ಕಬ್ಬಿಣದ ಮರಳನ್ನು ಕರಗಿಸಿ ಪಡೆದ ಉಕ್ಕಿನ ಅಲಗನ್ನು ಹಿಡಿಯೊಳಗೆ ಹಿಡಿದಿಡುವುದು ಸಾಮಾನ್ಯವಾಗಿ ಒಂದು ಪುಟ್ಟ ಬಿದಿರಿನ ಗೂಟ. ಅದನ್ನು ತೆಗೆದರೆ ಕೈಕಾಪಿನ ಬಿಲ್ಲೆ 'ತ್ಸುಬಾ', ಹಿಡಿ ಎಲ್ಲವೂ ಬಿಡಿಬಿಡಿ. ಕಮ್ಮಾರ ತನ್ನ ಹೆಸರನ್ನು ಕೊರೆಯುವುದು ಹಿಡಿಯೊಳಗೆ ಅಡಗುವ ಬಾಲದ ಮೇಲೆ. ಅಲಂಕಾರ ಮಾಡಿದವನೂ ಎಷ್ಟೋ ಬಾರಿ ತನ್ನ ಕೆಲಸದ ಮೇಲೆ ಬೇರೆಯೇ ಸಹಿ ಹಾಕಿರುತ್ತಾನೆ. 1876ರಲ್ಲಿ ಸರ್ಕಾರ ಕತ್ತಿ ಧರಿಸಿ ತಿರುಗುವುದನ್ನು ನಿಷೇಧಿಸಿದಾಗ ಆ ಲೋಹಕಾರರು ಹೂದಾನಿ, ಪೆಟ್ಟಿಗೆಗಳತ್ತ ಹೊರಳಿದರು. ಅವರ ಹಳೆಯ ಕತ್ತಿ ಬಿಲ್ಲೆಗಳು ಇವತ್ತು ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಅಲಗಿನಷ್ಟೇ ಗೌರವದಿಂದ ಕೂತಿವೆ.

ಜಪಾನಿನಲ್ಲಿ ಹೀಗೆ ನಿಷೇಧ ಬಂದರೆ, ಕೊಡವರಿಗೆ 1861ರಲ್ಲಿ ಶಸ್ತ್ರ ಕಾನೂನಿನಿಂದ ವಿನಾಯಿತಿ ದೊರೆಯಿತು. ಕೈಲ್‌ಪೊಳ್ದು ಹಬ್ಬದ ಆಯುಧ ಪೂಜೆಯೂ ಉಳಿಯಿತು. ಕತ್ತಿ ಬದುಕಿನೊಳಗೇ ಇರಲು ಇವೆರಡೂ ಕಾರಣ. ಕೆಳದಿಯ ಸೀಮೆಗೆ ಆ ಭಾಗ್ಯ ಇರಲಿಲ್ಲ. 1763ರಲ್ಲಿ ಹೈದರಾಲಿ ಅದರ ರಾಜಧಾನಿ ಬಿದನೂರನ್ನು ಗೆದ್ದಾಗ ಆಸ್ಥಾನವೇ ಅಳಿಯಿತು, ಖಡ್ಗಕ್ಕೆ ಬೆಳ್ಳಿ ತೊಡಿಸುವವರು ಆಶ್ರಯ ಕಳೆದುಕೊಂಡರು. ಆ ಬಿದನೂರೇ ಇಂದಿನ ಹೊಸನಗರ ತಾಲ್ಲೂಕಿನ ನಗರ. 2018ರಲ್ಲಿ ಅಲ್ಲಿನ ಹಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಯುದ್ಧ ರಾಕೆಟ್‌ಗಳು ಸಿಕ್ಕಾಗ ಊರಿಗೆ ಊರೇ ಹೆಮ್ಮೆಪಟ್ಟಿತು. ಆ ಹೆಮ್ಮೆಯಲ್ಲಿ ಒಂದು ಪಾಲು ಮನೆಯ ಅಟ್ಟದ ಕತ್ತಿಗೂ ಸಲ್ಲಬೇಕು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ. ಮನೆಯಲ್ಲಿ ಹಳೆಯ ಕತ್ತಿಯಿದ್ದರೆ ಹುಣಸೆಹುಳಿ, ಉಪ್ಪುಕಾಗದ ಹಾಕಿ ಉಜ್ಜಬೇಡಿ. ಹಿಡಿ ಅಥವಾ ಒರೆಯ ಬೆಳ್ಳಿಯನ್ನು ತೂಕಕ್ಕೆ ಮಾರಬೇಡಿ. ಅಲಗು, ಹಿಡಿ, ಒರೆ ಮೂರನ್ನೂ ಒಟ್ಟಿಗೇ ಇಡಿ. ಯಾರ ಕಾಲದ್ದು, ಯಾವ ಊರಿನಿಂದ ಬಂದದ್ದು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಿ. ಒಮ್ಮೆ ಕೆಳದಿಯ ವಸ್ತುಸಂಗ್ರಹಾಲಯದವರಿಗೆ ತೋರಿಸಿ.