ಸಂತೆ ಚೀಲದ ಸಿಹಿ–ಹುಳಿ

ಡಿಸೆಂಬರ್ ತಿಂಗಳ ಒಂದು ಸಂಜೆ. ಮಡಿಕೇರಿ ಪೇಟೆಯಿಂದ ಬಂದವಳೇ ಚೀಲವನ್ನು ಜಗಲಿಯ ಮೇಲಿಟ್ಟೆ. ಚೀಲದಲ್ಲಿ ಎರಡು ಕಿಲೋ ಕಿತ್ತಳೆ. ರಿಯಾಯಿತಿ ದರದ ಸೂಪರ್ ಮಾರ್ಕೆಟ್ ಒಂದರಲ್ಲಿ ‘ಕೂರ್ಗ್ ಆರೆಂಜ್ – ಇಂದು ಮಾತ್ರ ಕಡಿಮೆ ಬೆಲೆ’ ಎಂಬ ಬೋರ್ಡು ನೋಡಿ ಖುಷಿಯಿಂದ ತುಂಬಿಸಿಕೊಂಡು ಬಂದಿದ್ದೆ. ಅಮ್ಮನಿಗೆ ಕೊಡಗಿನ ಕಿತ್ತಳೆ ಎಂದರೆ ಪ್ರಾಣ.

ಏಳನೇ ತರಗತಿಯ ಮಗಳು ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡಳು. ‘ಸೂಪರ್ ಆಗಿದೆ ಅಜ್ಜಿ, ಸಿಪ್ಪೆ ಎಷ್ಟು ಬೇಗ ಬಂತು ನೋಡಿ!’ ಎಂದಳು.

ಅಮ್ಮ ಒಂದು ಹಣ್ಣು ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಮೂಸಿದರು, ಒಂದು ತೊಳೆ ತಿಂದರು. ಆಮೇಲೆ ಮೆಲ್ಲಗೆ ಹೇಳಿದರು: ‘ಹಣ್ಣು ಚೆನ್ನಾಗಿದೆ ಮಗಾ. ಆದರೆ ಇದು ನಮ್ಮ ಕಿತ್ತಳೆ ಅಲ್ಲ. ನಾಗಪುರದ್ದು.’

‘ಹಾಗಾದರೆ ನಮ್ಮದು ಹೇಗಿರುತ್ತೆ?’

ಆ ಪ್ರಶ್ನೆಗೆ ನಾನೂ ಅಮ್ಮನೂ ಮುಖ ಮುಖ ನೋಡಿಕೊಂಡೆವು. ಕೊಡಗಿನಲ್ಲೇ ಹುಟ್ಟಿ ಹನ್ನೆರಡು ವರ್ಷ ಬೆಳೆದ ಹುಡುಗಿ ಕೊಡಗಿನ ಕಿತ್ತಳೆಯ ರುಚಿಯನ್ನೇ ಕಂಡಿರಲಿಲ್ಲ!

ಆ ರಾತ್ರಿ ಮಗಳು ಹಳೆಯ ನೋಟ್ ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದಳು. ಒಂದು ಕಡೆ ‘ಮೆಚ್ಚಿದ್ದು’, ಇನ್ನೊಂದು ಕಡೆ ‘ಬೇಡಪ್ಪಾ’. ಒಂದು ತಿಂಗಳು ಮನೆಗೆ ಬರುವ ತಿಂಡಿ ಸಾಮಾನನ್ನೆಲ್ಲ ತೂಗಿ, ರುಚಿ ನೋಡಿ ಬರೆಯುವುದೆಂದು ನಿರ್ಧಾರವಾಯಿತು. ಪರೀಕ್ಷಕರು ಅಜ್ಜಿ, ಗುಮಾಸ್ತೆ ಮೊಮ್ಮಗಳು, ಚೀಲ ಹೊರುವವಳು ನಾನು.

ರಿಯಾಯಿತಿ ಅಂಗಡಿಯ ಗೆಲುವು

ಮೊದಲೇ ಹೇಳಿಬಿಡುತ್ತೇನೆ, ರಿಯಾಯಿತಿ ಅಂಗಡಿಗೆ ‘ಮೆಚ್ಚಿದ್ದು’ ಪಟ್ಟಿಯಲ್ಲಿ ಒಳ್ಳೆಯ ಜಾಗವೇ ಸಿಕ್ಕಿತು. ತೊಗರಿಬೇಳೆ, ಕಡಲೆಬೇಳೆ, ಶೇಂಗಾ, ಸಕ್ಕರೆ, ಗೋಧಿ ಹಿಟ್ಟು ಇವೆಲ್ಲ ಅಲ್ಲಿ ಅಗ್ಗವೂ ಹೌದು, ಗುಣದಲ್ಲೂ ದೂರು ಹೇಳುವಂತಿರಲಿಲ್ಲ. ಮಳೆಯ ನಾಡಾದ ಕೊಡಗಿನ ತೋಟದಲ್ಲಿ ತೊಗರಿ ಬೆಳೆಯುವುದಿಲ್ಲ. ಅದು ಬಯಲುಸೀಮೆಯ ಬೆಳೆ. ಕಲಬುರಗಿಯ ತೊಗರಿಬೇಳೆಗಂತೂ 2019ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆಯೇ ಸಿಕ್ಕಿದೆ. ದೂರದಿಂದ ಲಾರಿಯಲ್ಲಿ ಬರಲೇಬೇಕಾದ ಸಾಮಾನನ್ನು ಒಟ್ಟಿಗೆ ತರಿಸಿದವರು ಅಗ್ಗವಾಗಿ ಕೊಡಬಲ್ಲರು. ಅದರಲ್ಲಿ ಮೋಸವೇನಿಲ್ಲ.

ಸೋತದ್ದು ಎಲ್ಲಿ? ‘ಮೂರು ಕೊಂಡರೆ ಒಂದು ಉಚಿತ’ ಎಂದು ತಂದ ಬಿಸ್ಕತ್ತಿನಲ್ಲಿ. ಮನೆಗೆ ಬಂದು ದಿನಾಂಕ ನೋಡಿದರೆ ಉಳಿದಿದ್ದದ್ದು ಎಂಟೇ ದಿನ. ನಾಲ್ಕು ಪೊಟ್ಟಣವನ್ನು ಎಂಟು ದಿನದಲ್ಲಿ ಮುಗಿಸುವ ಭಾರ ಮೂವರ ಹೊಟ್ಟೆಯ ಮೇಲೆ ಬಿತ್ತು. ‘ಉಚಿತವಾಗಿ ಬಂದದ್ದು ಹೊಟ್ಟೆನೋವು’ ಎಂದು ಮಗಳು ಬರೆದಳು.

ಇನ್ನೊಂದು ಪಾಠ ಲೆಕ್ಕದ್ದು. ‘ಫ್ಯಾಮಿಲಿ ಪ್ಯಾಕ್’ ಎಂದರೆ ಅಗ್ಗ ಎಂದು ನಾನು ನಂಬಿದ್ದೆ. ಮಗಳು ಎರಡು ಪೊಟ್ಟಣ ಇಟ್ಟುಕೊಂಡು ಲೆಕ್ಕ ಹಾಕಿದಳು. ದೊಡ್ಡದು 200 ಗ್ರಾಂ, 90 ರೂಪಾಯಿ. ಚಿಕ್ಕದು 50 ಗ್ರಾಂ, 20 ರೂಪಾಯಿ. ದೊಡ್ಡದರಲ್ಲಿ ಒಂದು ಗ್ರಾಂಗೆ 45 ಪೈಸೆ, ಚಿಕ್ಕದರಲ್ಲಿ 40 ಪೈಸೆ! ಈಗ ಪೊಟ್ಟಣದ ಮೇಲೆ ಒಂದು ಗ್ರಾಂಗೋ ಒಂದು ಮಿಲಿ ಲೀಟರಿಗೋ ಎಷ್ಟು ಎಂಬ ಬೆಲೆಯನ್ನೂ ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಅಜ್ಜ–ಅಜ್ಜಿಯರ ಕನ್ನಡಕಕ್ಕೆ ಅದು ಕಾಣದಿದ್ದರೆ, ಓದಿ ಹೇಳುವ ಕೆಲಸ ಮೊಮ್ಮಕ್ಕಳದ್ದು.

ನಮ್ಮೂರಿನ ಹೆಸರು ಹೊತ್ತವು

ನಿಜವಾದ ಪರೀಕ್ಷೆ ಶುರುವಾದದ್ದು ‘ಕೂರ್ಗ್’ ಎಂದು ಹಣೆಪಟ್ಟಿ ಹಚ್ಚಿಕೊಂಡ ಸಾಮಾನುಗಳಲ್ಲಿ. ಮಡಿಕೇರಿಗೆ ಬರುವ ಪ್ರವಾಸಿಗರು ಕಾಫಿಪುಡಿ, ಕರಿಮೆಣಸು, ಜೇನು, ಚಾಕೊಲೇಟು ಕೊಳ್ಳದೆ ಹಿಂದಿರುಗುವುದು ಅಪರೂಪ. ನಾವೂ ಪ್ರವಾಸಿಗರಂತೆ ಒಂದೊಂದನ್ನು ರಿಯಾಯಿತಿಯಲ್ಲಿ ಕೊಂಡು ತಂದೆವು.

ಕಾಫಿಪುಡಿ: ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗಿನದು. ಕೊಡಗಿನ ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ ಮಾನ್ಯತೆಯೂ ದೊರೆತಿದೆ. ಹೀಗಿದ್ದೂ ನಾವು ತಂದ ಅಗ್ಗದ ಪೊಟ್ಟಣದ ಹಿಂಬದಿಯಲ್ಲಿ ‘ಕಾಫಿ ಶೇ 53, ಚಿಕೋರಿ ಶೇ 47’ ಎಂದಿತ್ತು. ಇದು ಕಾನೂನಿಗೆ ವಿರುದ್ಧವಲ್ಲ. ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಎಷ್ಟೆಷ್ಟಿದೆ ಎಂದು ಪೊಟ್ಟಣದ ಮೇಲೆ ಬರೆಯಬೇಕು ಎನ್ನುತ್ತದೆ ನಿಯಮ. ಚಿಕೋರಿ ಎಂದರೆ ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಡಿಕಾಕ್ಷನ್ನಿಗೆ ಕಪ್ಪು ಬಣ್ಣ, ಮಂದ ಬರುತ್ತದೆಂದು ಇಷ್ಟಪಡುವವರೂ ಇದ್ದಾರೆ. ತಪ್ಪು ನಮ್ಮದು. ಮುಂಬದಿಯ ಚಿತ್ರ ನೋಡಿ ಕೊಂಡೆವು, ಹಿಂಬದಿ ಓದಲಿಲ್ಲ.

ಮಗಳು ಒಂದು ಲೋಟ ತಣ್ಣೀರಿನ ಮೇಲೆ ಆ ಪುಡಿ ಉದುರಿಸಿದಳು. ಕಾಫಿ ತೇಲಿತು. ಚಿಕೋರಿ ಕಂದು ಗೆರೆ ಎಳೆಯುತ್ತಾ ಕ್ಷಣದಲ್ಲಿ ತಳಕ್ಕಿಳಿಯಿತು. ಇನ್ನೊಂದು ಲೋಟಕ್ಕೆ ಮಿಲ್ಲಿನಲ್ಲಿ ನಮ್ಮೆದುರೇ ಬೀಸಿ ಕೊಟ್ಟ ಅಪ್ಪಟ ಕಾಫಿಪುಡಿ. ಅದು ಮೇಲೆಯೇ ತೇಲುತ್ತಾ ಉಳಿಯಿತು. ‘ಬೇಡಪ್ಪಾ’ ಒಂದಕ್ಕೆ, ‘ಮೆಚ್ಚಿದ್ದು’ ಇನ್ನೊಂದಕ್ಕೆ.

ಕರಿಮೆಣಸು: ರಿಯಾಯಿತಿ ಪೊಟ್ಟಣದ ಮೆಣಸನ್ನು ಅಮ್ಮ ಅಂಗೈಯಲ್ಲಿ ಹಿಡಿದು ‘ತೂಕವೇ ಇಲ್ಲ’ ಎಂದರು. ನೀರಿಗೆ ಹಾಕಿದೆವು. ಒಳ್ಳೆಯ ಕಾಳು ಮುಳುಗಬೇಕು. ಒಂದು ಹಿಡಿಯಷ್ಟು ತೇಲಿತು. ಪಪ್ಪಾಯಿ ಬೀಜ ಬೆರೆಸಿದರೂ ಹೀಗೆ ತೇಲುತ್ತದೆ. ಆದರೆ ನಮ್ಮದರಲ್ಲಿ ತೇಲಿದ್ದು ಪಪ್ಪಾಯಿಯಲ್ಲ, ಜೊಳ್ಳು ಕಾಳು. ಪಪ್ಪಾಯಿ ಬೀಜ ಮೊಟ್ಟೆಯಾಕಾರದಲ್ಲಿರುತ್ತದೆ, ಜಗಿದರೆ ಮೆಣಸಿನ ಘಾಟು ಇರುವುದಿಲ್ಲ. ಜೊಳ್ಳು ವಿಷವಲ್ಲ, ಆದರೆ ಹಣ ಕೊಟ್ಟದ್ದು ಗಟ್ಟಿ ಕಾಳಿಗೆ. ಅರ್ಧ ಚಮಚ ಸಾಕಾಗುವ ಕಡೆ ಒಂದು ಚಮಚ ಹಾಕಬೇಕಾದರೆ ಅಗ್ಗ ಹೇಗಾದೀತು?

ಜೇನು: ಇಲ್ಲಿ ಮಾತ್ರ ನಮ್ಮ ಪ್ರಯೋಗಶಾಲೆ ಸೋತಿತು. ನೀರಿಗೆ ಹನಿ ಬಿಟ್ಟು, ಹತ್ತಿಯ ಬತ್ತಿಗೆ ಸವರಿ ಉರಿಸಿ ಪರೀಕ್ಷೆ ಮಾಡುವುದನ್ನು ಎಲ್ಲರೂ ಹೇಳುತ್ತಾರೆ. ಅವನ್ನು ನೆಚ್ಚಿಕೊಳ್ಳುವಂತಿಲ್ಲ. ಗಟ್ಟಿಯಾದ ಸಕ್ಕರೆ ಪಾಕವೂ ತಳಕ್ಕೆ ಇಳಿಯುತ್ತದೆ. ಅಕ್ಕಿಯಂಥ ಧಾನ್ಯದಿಂದ ತಯಾರಿಸಿದ ಪಾಕವನ್ನು ಜೇನಿಗೆ ಬೆರೆಸಿದರೆ ಸಾಧಾರಣ ಲ್ಯಾಬ್ ಪರೀಕ್ಷೆಯೂ ಹಿಡಿಯಲಾರದು. 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಇದನ್ನೇ ಬಯಲಿಗೆಳೆದಿತ್ತು.

ಜೇನು ತಳದಲ್ಲಿ ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆಂದು ಬಿಸಾಡುವವರಿದ್ದಾರೆ. ಒಳ್ಳೆಯ ಜೇನೂ ಹರಳುಗಟ್ಟುತ್ತದೆ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ. ಹಾಗಾದರೆ ಗುರುತು ಹೇಗೆ? ‘ಸಾಕಿದವರ ಗುರುತಿದ್ದರೆ ಜೇನಿನ ಗುರುತು’ ಎಂದರು ಅಮ್ಮ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ಪೆಟ್ಟಿಗೆ ಪೆಟ್ಟಿಗೆಗಳ ತುಡುವೆ ಜೇನು ಬರಿದಾಗಿತ್ತು. ಅದನ್ನೂ ದಾಟಿ ಇಂದಿಗೂ ಪೆಟ್ಟಿಗೆ ಇಟ್ಟವರು ಊರೂರಲ್ಲಿ ಇದ್ದಾರೆ. ಅಂಥವರ ಮನೆಯಿಂದ ತಂದ ಬಾಟಲಿ ‘ಮೆಚ್ಚಿದ್ದು’ ಪಟ್ಟಿಗೆ ಸೇರಿತು. ಒಂದು ಎಚ್ಚರ: ಎಷ್ಟೇ ಶುದ್ಧವಾಗಿರಲಿ, ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬೇಡಿ. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಗೂಸಿಗೆ ಅಪಾಯಕಾರಿ.

ಹೋಂ ಮೇಡ್ ಚಾಕೊಲೇಟ್: ಮಗಳ ಕಣ್ಣು ಅರಳಿದ್ದು ಇಲ್ಲೇ. ಆದರೆ ಒಂದು ತುಂಡು ಬಾಯಿಗಿಟ್ಟು ‘ಅಂಗುಳಕ್ಕೆ ಮೇಣ ಮೆತ್ತಿದ ಹಾಗಿದೆ’ ಎಂದಳು. ಪಟ್ಟಿ ಓದಿದರೆ ಮೊದಲ ಹೆಸರು ಸಕ್ಕರೆ, ಎರಡನೆಯದು ಸಸ್ಯಜನ್ಯ ಕೊಬ್ಬು. ಕೋಕೋ ಬಂದದ್ದು ಆಮೇಲೆ. ಪೊಟ್ಟಣದ ಪಟ್ಟಿಯಲ್ಲಿ ಯಾವುದು ಹೆಚ್ಚು ತೂಕವಿದೆಯೋ ಅದನ್ನೇ ಮೊದಲು ಬರೆಯಬೇಕು. ಕೋಕೋ ಬೆಣ್ಣೆ ನಾಲಿಗೆಯ ಬಿಸಿಗೇ ಕರಗುತ್ತದೆ. ಬೇರೆ ಕೊಬ್ಬು ಎಷ್ಟೋ ಸಲ ಹಾಗೆ ಕರಗುವುದಿಲ್ಲ. ಮನೆಯಲ್ಲಿ ಮಾಡಿದ್ದೆಂದ ಮಾತ್ರಕ್ಕೆ ಒಳ್ಳೆಯದೆಂದಲ್ಲ!

ಸಂತೆಯ ದಾರಿ

ಕೊಡಗಿನಲ್ಲಿ ಒಂದೊಂದು ಊರಿಗೆ ಒಂದೊಂದು ದಿನ ಸಂತೆ. ಶನಿವಾರಸಂತೆ ಎಂಬ ಊರಿಗಂತೂ ಸಂತೆಯ ದಿನವೇ ಹೆಸರು. ಮಡಿಕೇರಿಯಲ್ಲಿ ಶುಕ್ರವಾರ. ಶಾಲೆ ಬಿಟ್ಟ ಮೇಲೆ ಮೂವರೂ ಸಂತೆಗೆ ಹೊರಟೆವು.

ಜೀರಿಗೆ ಮೆಣಸು, ಕೆಸದ ಗೆಡ್ಡೆ, ತೋಟದ ಬಾಳೆಗೊನೆ, ಕಡುಬಿಗೆ ಬೇಕಾದ ಅಕ್ಕಿ ತರಿ, ಹಳೆಯ ಬಾಟಲಿಗಳಲ್ಲಿ ಕಪ್ಪಗೆ ಹೊಳೆಯುವ ಕಾಚಂಪುಳಿ. ಹುಳಿಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಮಂದ ಮಾಡಿದ್ದು ಅದು. ಬೆಲೆ ಕೇಳಿದರೆ ಹೆಚ್ಚು, ಆದರೆ ಒಂದು ಸಾರಿಗೆ ಒಂದು ಚಮಚ ಸಾಕು. ಬಾಟಲಿ ವರ್ಷಗಟ್ಟಲೆ ಬರುತ್ತದೆ. ಎಲ್ಲವೂ ‘ಮೆಚ್ಚಿದ್ದು’. ಸಂತೆಯಲ್ಲೂ ಸೋಲಿತ್ತು ಅನ್ನಿ. ಮೇಲೆ ಹಸಿರಾಗಿ ಹೊಳೆಯುತ್ತಿದ್ದ ಬೀನ್ಸಿನ ರಾಶಿಯ ಅಡಿಯಿಂದ ತುಂಬಿಸಿ ಕೊಟ್ಟದ್ದು ನಾರು. ‘ಮಾತಾಡುತ್ತಾ ನಿಂತರೆ ಹೀಗೇ’ ಎಂದು ಅಮ್ಮ ನನ್ನನ್ನೇ ಗದರಿಸಿದರು.

ಕೊನೆಗೆ, ಸಂತೆಯ ಒಂದು ಮೂಲೆಯಲ್ಲಿ ಒಬ್ಬ ಹಿರಿಯರ ಮುಂದೆ ಸಣ್ಣ ಬುಟ್ಟಿ. ಹಸಿರು–ಹಳದಿ ಬಣ್ಣ, ಅಲ್ಲಲ್ಲಿ ಕಲೆ. ನೋಡಲು ಚಂದವಿಲ್ಲ. ಅಮ್ಮ ಒಂದನ್ನು ಒತ್ತಿದರು. ಸಿಪ್ಪೆ ತೊಳೆಗೆ ಬಿಗಿಯಾಗಿ ಅಂಟಿತ್ತು. ಮೂಸಿದವರ ಮುಖವೇ ಬದಲಾಯಿತು. ‘ಇದು!’ ಎಂದರು.

‘ಎಷ್ಟು ಗಿಡ ಇದೆ?’ ಎಂದು ಅಮ್ಮ ಕೇಳಿದರು.

‘ಅಪ್ಪನ ಕಾಲದಲ್ಲಿ ಕಾಫಿ ಗಿಡದ ನಡುವೆಯೆಲ್ಲ ಇದೇ ಇತ್ತು ಅಮ್ಮಾ. ಈಗ ಆರು ಉಳಿದಿವೆ.’

ನೆರಳಿನ ಕಾಫಿ ತೋಟದ ನಡುವೆ ಬೆಳೆಯುತ್ತಿದ್ದ ಈ ಕಿತ್ತಳೆಗೆ ಗ್ರೀನಿಂಗ್ ಎಂಬ ರೋಗ ದೊಡ್ಡ ಶತ್ರು. ಸಣ್ಣದೊಂದು ಕೀಟ ಗಿಡದಿಂದ ಗಿಡಕ್ಕೆ ಹರಡುವ ಈ ರೋಗ ಬಂದರೆ ಎಲೆ ಹಳದಿಯಾಗಿ ಮರ ಸೊರಗುತ್ತದೆ. ಗುಣಪಡಿಸುವ ಮದ್ದಿಲ್ಲ. ರೋಗವಿಲ್ಲದ ಸಸಿ ನೆಡುವುದು, ಕೀಟ ಹತೋಟಿಯಲ್ಲಿಡುವುದು, ಇಷ್ಟೇ ದಾರಿ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಈ ಹಣ್ಣಿನ ಮೇಲೆ ಕೆಲಸ ಮಾಡುತ್ತಾ ಬಂದಿದ್ದಾರೆ. ಕೊಡಗಿನ ಕಿತ್ತಳೆಗೆ ಜಿಐ ಮಾನ್ಯತೆಯೂ ಇದೆ.

ಆದರೆ ಮಾನ್ಯತೆ ಇದ್ದರೆ ಸಾಕೇ? ‘ಆ ಕಡೆ ಅಂಗಡಿಯಲ್ಲಿ ಅರ್ಧ ಬೆಲೆಗೆ ಕೂರ್ಗ್ ಆರೆಂಜ್ ಸಿಗುತ್ತೆ ಅಂತಾರೆ. ನನ್ನದನ್ನು ಯಾರು ಕೊಳ್ತಾರೆ?’ ಎಂದರು ಆ ಹಿರಿಯರು. ರೋಗದಿಂದ ಉಳಿದ ಆರು ಮರ, ಬೇರೆ ಹಣ್ಣಿಗೆ ಹಚ್ಚಿದ ಹೆಸರಿನಿಂದ ಸೋಲಬೇಕೇ? ನಾಗಪುರದ ಕಿತ್ತಳೆಯೂ ಒಳ್ಳೆಯ ಹಣ್ಣೇ, ಅದಕ್ಕೂ ಅದರದೇ ಜಿಐ ಮಾನ್ಯತೆ ಇದೆ. ಅದನ್ನು ಅದರ ಹೆಸರಿನಲ್ಲೇ ಮಾರಲಿ.

ಕೇಳಿದವಳು ಮಗಳು

ಮುಂದಿನ ವಾರ ಅದೇ ರಿಯಾಯಿತಿ ಅಂಗಡಿಗೆ ಹೋದಾಗ ಮಗಳು ನನ್ನ ಕೈ ಬಿಡಿಸಿಕೊಂಡು ಹಣ್ಣಿನ ಬಳಿ ಇದ್ದ ಹುಡುಗನನ್ನು ಕೇಳಿದಳು. ‘ಅಣ್ಣಾ, ಈ ಕಿತ್ತಳೆ ಯಾವ ಊರಿಂದ ಬಂತು?’

‘ಮೈಸೂರಿಂದ ಲೋಡ್ ಬರುತ್ತೆ ಪುಟ್ಟಿ. ಅಲ್ಲಿಗೆ ಎಲ್ಲಿಂದ ಬರುತ್ತೋ ಗೊತ್ತಿಲ್ಲ.’

‘ಮತ್ತೆ ಕೂರ್ಗ್ ಅಂತ ಬರೆದಿದ್ದೀರಲ್ಲ?’

ಅವನು ನಕ್ಕು ತಲೆ ಕೆರೆದುಕೊಂಡ. ಜಗಳವಿಲ್ಲ, ಗಲಾಟೆಯಿಲ್ಲ. ಅದರ ಮುಂದಿನ ವಾರ ಹೋದಾಗ ಬೋರ್ಡಿನ ಮೇಲೆ ‘ಆರೆಂಜ್’ ಎಂದಷ್ಟೇ ಇತ್ತು. ಮಗಳು ಕೇಳಿದ್ದರಿಂದಲೋ, ಚಾಕ್ ಪೀಸ್ ಮುಗಿದಿದ್ದರಿಂದಲೋ ನನಗೆ ತಿಳಿಯದು. ಅವಳಿಗೆ ಮಾತ್ರ ಅನುಮಾನವೇ ಇಲ್ಲ.

ಸಂತೆಯಿಂದ ತಂದ ಆ ಕಿತ್ತಳೆಯ ಕತೆ ಹೇಳಲಿಲ್ಲ ಅಲ್ಲವೇ? ಅಮ್ಮನೇ ಸುಲಿದು ಕೊಟ್ಟರು. ಮೊದಲ ತೊಳೆಗೆ ಮಗಳು ಕಣ್ಣು ಮುಚ್ಚಿ ‘ಅಯ್ಯೋ ಹುಳಿ!’ ಎಂದಳು. ಅಮ್ಮ ಏನೂ ಹೇಳದೆ ಎರಡನೆಯದು ಕೊಟ್ಟರು. ಮೂರನೆಯದನ್ನು ಅವಳೇ ಕೇಳಿ ಪಡೆದಳು. ಹಣ್ಣು ಮುಗಿದ ಮೇಲೆ ಪುಸ್ತಕ ತೆರೆದು ‘ಮೆಚ್ಚಿದ್ದು’ ಕಡೆ ಬರೆದಳು: ‘ಕೊಡಗಿನ ಕಿತ್ತಳೆ. ಮೊದಲು ಹುಳಿ, ಆಮೇಲೆ ಸಿಹಿ. ಅಜ್ಜಿ ನಾಲ್ಕು ತಿಂದರು.’

ಮಕ್ಕಳೇ, ನೀವೂ ಮಾಡಿ ನೋಡಿ

• ಅಜ್ಜ–ಅಜ್ಜಿಯ ಜೊತೆ ಅಂಗಡಿಗೆ ಹೋದಾಗ ಪೊಟ್ಟಣದ ಹಿಂಬದಿ ಓದಿ ಹೇಳಿ: ದಿನಾಂಕ, ತೂಕ, ಪಟ್ಟಿಯ ಮೊದಲ ಮೂರು ಹೆಸರು, 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ.

• ಕಾಫಿಪುಡಿ, ಕರಿಮೆಣಸುಗಳ ನೀರಿನ ಪರೀಕ್ಷೆಯನ್ನು ಮನೆಯಲ್ಲೇ ಮಾಡಿ.

• ‘ಇದು ಯಾವ ಊರಿನದು?’ ಎಂದು ಅಂಗಡಿಯವರನ್ನು ನಯವಾಗಿ ಕೇಳಿ.

• ಮೋಸವೆನಿಸಿದರೆ ಬಿಲ್ ಜೋಪಾನವಾಗಿಟ್ಟು ಮನೆಯ ಹಿರಿಯರಿಗೆ ತಿಳಿಸಿ. ಅವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಡಿಸೆಂಬರ್ 24 ರಾಷ್ಟ್ರೀಯ ಗ್ರಾಹಕರ ದಿನ. ನಿಮ್ಮ ‘ಮೆಚ್ಚಿದ್ದು – ಬೇಡಪ್ಪಾ’ ಪುಸ್ತಕ ಶುರುಮಾಡಲು ಒಳ್ಳೆಯ ದಿನ.

• ಅಜ್ಜಿ ಚಿಕ್ಕವರಿದ್ದಾಗ ತಿಂದು ಈಗ ಸಿಗದಿರುವ ಒಂದು ಹಣ್ಣಿನ ಹೆಸರು ಕೇಳಿ. ಈ ವಾರದ ಸಂತೆಯಲ್ಲಿ ಅದನ್ನು ಹುಡುಕಿ.