ಮೂವತ್ತೆರಡೋ, ಮೂವತ್ತಾರೋ

ಸಂಜೆ ಏಳಾದರೂ ಬಳ್ಳಾರಿಯ ಕೋಟೆ ಗುಡ್ಡದ ಬಂಡೆ ಹಗಲಿನ ಕಾವು ಉಗುಳುತ್ತಲೇ ಇರುತ್ತದೆ. ಕೆಳಗೆ ಬೆಂಗಳೂರು ರಸ್ತೆಯ ಅಂಗಡಿಯೊಂದರ ಮುಂದೆ ಸೊಂಟದಿಂದ ಮೇಲೆ ಏನೂ ಇಲ್ಲದ ಬೊಂಬೆಗಳು ಜೀನ್ಸ್ ತೊಟ್ಟು ಸಾಲುಗಟ್ಟಿವೆ. ಒಳಗೆ ಕಾಲೇಜು ಹುಡುಗನೊಬ್ಬ, ಜತೆಗೆ ತಾಯಿ. ಹುಡುಗನ ಸೊಂಟ 32. ಕೇಳುತ್ತಿರುವುದು 36.

"ಬ್ಯಾಗಿ ಬೇಕಣ್ಣಾ. ದೊಡ್ಡ ಸೈಜ್ ಕೊಡು, ಬೆಲ್ಟ್ ಹಾಕ್ಕೊಂತೀನಿ."

"ದೊಡ್ಡದೇ ಇರ್ಲಿ ಬಿಡ್ರಿ, ಬೆಳಿಯೋ ಹುಡುಗ," ಎಂದು ತಾಯಿಯದೂ ಒತ್ತಾಸೆ.

ಕೊರಳಲ್ಲಿ ಟೇಪು ಇಳಿಬಿಟ್ಟ ಅಂಗಡಿಯಾತ ವಾದಕ್ಕಿಳಿಯದೆ 36 ಅನ್ನೇ ತೆಗೆದುಕೊಟ್ಟ. ಪರದೆ ಸರಿಸಿ ಬಂದ ಹುಡುಗನ ಎರಡೂ ಕೈ ಸೊಂಟ ಹಿಡಿದಿದ್ದವು. ಬೆಲ್ಟ್ ಬಿಗಿದರೆ ಮುಂದೆ ನೆರಿಗೆಯ ಗುಪ್ಪೆ. ಹಿಂದಿನ ಜೇಬುಗಳು ತೊಡೆಗೆ ಜಾರಿವೆ. ನಡೆದರೆ ಗೋಣಿಚೀಲದೊಳಗೆ ಇಳಿದು ಓಟಕ್ಕೆ ನಿಂತವನಂತೆ ಕಾಣುತ್ತಾನೆ.

"ಸೊಂಟ ನಿಂದೇ ಇರ್ಬೇಕು ತಮ್ಮಾ. ಲೂಸೆಲ್ಲಾ ತೊಡೆ, ಮೊಣಕಾಲು, ಬಾಟಮ್‌ನಾಗೆ."

ಮಾತು ಸರಿಯೇ. ಲೂಸ್ ಫಿಟ್‌ಗೆ ಬಟ್ಟೆ ಕತ್ತರಿಸುವಾಗಲೇ ತೊಡೆಗೂ ಕಾಲಿಗೂ ಜಾಗ ಬಿಟ್ಟಿರುತ್ತಾರೆ. ಅದರ ಮೇಲೆ ಸೈಜನ್ನೂ ಏರಿಸಿದರೆ ಸಡಿಲ ಎರಡು ಪಟ್ಟಾಗುತ್ತದೆ. ಲೆವಿ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ 1873ರಲ್ಲಿ ರಿವೆಟ್ಟಿನ ಪ್ಯಾಂಟಿಗೆ ಪೇಟೆಂಟ್ ಪಡೆದ ಕಾಲದಲ್ಲೂ ದುಡಿಮೆಗಾರರ ಪ್ಯಾಂಟು ಸಡಿಲವೇ. ಆದರೆ ಸೊಂಟವನ್ನು ಬಿಗಿಯಲು ಹಿಂದೆ ಬಕಲಿನ ಪಟ್ಟಿ, ಎತ್ತಿ ಹಿಡಿಯಲು ಹೆಗಲಿನ ಪಟ್ಟಿ ಇದ್ದವು. ಲೆವೀಸ್ 501 ಜೀನ್ಸಿಗೆ ಬೆಲ್ಟಿನ ಲೂಪುಗಳು ಬಂದದ್ದು 1922ರಲ್ಲಿ.

ಹಾಗೆಂದು ಚೀಟಿಯ ಮೇಲಿನ 32 ಅನ್ನು ನಂಬಿಬಿಡುವಂತೆಯೂ ಇಲ್ಲ. ಜೀನ್ಸ್ ಹೊಲಿಯುವ ಬಳ್ಳಾರಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಓಣಿಯ ಮನೆಗಳಲ್ಲಿ ಮಿಷನ್ನು ತುಳಿದು ಹೊಲಿಯುವಾಗ ಡೆನಿಮ್ ಹಲಗೆಯಷ್ಟು ಬಿರುಸು. ಆಮೇಲೆ ವಾಷಿಂಗ್ ಘಟಕಕ್ಕೆ ಹೋಗಿ ಬಿಸಿನೀರು, ಡ್ರೈಯರ್ ಕಂಡು ಮೆತ್ತಗಾಗಿ ಕುಗ್ಗುತ್ತದೆ. ಎಷ್ಟು ಕುಗ್ಗೀತೆಂದು ಮೊದಲೇ ಲೆಕ್ಕ ಹಾಕಿ ಕತ್ತರಿಸಿದರೂ ಒಂದು ವಾಷಿನ 32ಕ್ಕೂ ಇನ್ನೊಂದರ 32ಕ್ಕೂ ಅರ್ಧ ಇಂಚು, ಒಂದಿಂಚು ಹೆಚ್ಚುಕಡಿಮೆ. ಇದರ ಜತೆಗೆ ಕೆಲವು ಕಂಪನಿಗಳು 34 ಇಂಚಿನ ಪಟ್ಟಿಗೆ 32ರ ಚೀಟಿ ಹಚ್ಚಿ ಗಿರಾಕಿಯ ಹೊಟ್ಟೆಗೆ ಗೌರವ ತೋರಿಸುವುದೂ ಉಂಟು.

ಅಂಗಡಿಯಾತ ಹುಡುಗನ ಹಳೇ ಪ್ಯಾಂಟನ್ನು ಗಲ್ಲೆಯ ಮೇಲೆ ಹರಡಿ, ಗುಂಡಿ ಹಾಕಿ, ಸೊಂಟದ ಪಟ್ಟಿಯನ್ನು ಅಂಚಿನಿಂದ ಅಂಚಿಗೆ ಅಳೆದ: ಹದಿನಾರೂವರೆ. ಎರಡರಷ್ಟು 33. ಅಷ್ಟೇ ಬರುವ ಲೂಸ್ ಜೀನ್ಸನ್ನು ರಾಶಿಯಿಂದ ಎಳೆದ. ಅದರ ಚೀಟಿ 32 ಎನ್ನುತ್ತಿತ್ತು; ಬಾಟಮ್ ಸುತ್ತಳತೆ ಮಾತ್ರ 20.

"ಕುಕ್ಕರಗಾಲಲ್ಲಿ ಕೂತು ನೋಡು."

ಹುಡುಗ ಕೂತ. ಹೊಟ್ಟೆ ಕುಯ್ಯಲಿಲ್ಲ, ಬೆನ್ನ ಹಿಂದೆ ಪಟ್ಟಿ ಬಾಯಿ ತೆರೆಯಲಿಲ್ಲ. ತುಸು ಬಿಗಿ ಅಂದ. ಅಪ್ಪಟ ಹತ್ತಿಯದು, ತೊಟ್ಟು ಓಡಾಡಿದರೆ ತಾನೇ ಸಡಿಲಾಗುತ್ತೆ, ಎಂಬ ಉತ್ತರ ಸಿದ್ಧವಿತ್ತು. ಎದ್ದು ಕನ್ನಡಿಯ ಮುಂದೆ ನಿಂತ ಹುಡುಗನ ಮುಖ ಅರಳಿತು. ಉದ್ದ ಮಾತ್ರ ಎರಡಿಂಚು ಹೆಚ್ಚಾಗಿ ಶೂ ಮುಚ್ಚಿತ್ತು.

"ಈಗ್ಲೇ ಕತ್ತರಿಸ್ಬ್ಯಾಡ್ರಿ ಅಮ್ಮಾ. ಒಂದ್ಸಲ ಒಗೆದು ತಗೊಂಬರ್ರಿ, ಆಲ್ಟ್ರೇಷನ್ ಫ್ರೀ."

"ಆಯ್ತಪ್ಪಾ," ಎಂದು ತಾಯಿ ಪರ್ಸಿನ ಜಿಪ್ ಎಳೆದರು. "ಕತ್ತರಿಸಿ ಬಿಸಾಕೋ ಆ ಎರಡಿಂಚಿನ ದುಡ್ಡು ಈಗ್ಲೇ ಕಮ್ಮಿ ಮಾಡು."